ಒಂದು ಪದ ತಿದ್ದದ ಮೇಷ್ಟ್ರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಮಧುಗಿರಿಯಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನನ್ನ ಜೊತೆ ಪಿಯುಸಿ ಓದಿದವರೆಲ್ಲ ಮೊಬೈಲಿನಲ್ಲಿ ದೀಪದ ಚಿತ್ರ ಹಾಕಿ ‘ಮಹಾನ್ ಚೇತನ’ ಎಂದು ಬರೆದುಕೊಂಡರು. ಇವರಲ್ಲಿ ಅರ್ಧ ಜನ ಅವರ ಕ್ಲಾಸಿಗೆ ಚಕ್ಕರ್ ಹೊಡೆದವರು, ಮಿಕ್ಕವರು ಬೆನ್ನ ಹಿಂದೆ ಕಿಸಿಕಿಸಿ ನಕ್ಕವರು. ನಾನು ಏನೂ ಹಾಕಲಿಲ್ಲ. ಅವರು ನನ್ನ ಬಗ್ಗೆ ಬರೆದ ಒಂದೇ ಒಂದು ಇಂಗ್ಲಿಷ್ ಪದದಿಂದ ನನ್ನ ಓದು ಅಲ್ಲಿಗೇ ನಿಂತುಹೋಗುವುದರಲ್ಲಿತ್ತು. ಅದನ್ನು ತಿದ್ದಿಕೊಡಿ ಎಂದು ನಮ್ಮ ಅಬ್ಬಾ ಕೈಮುಗಿದು ಕೇಳಿದರೂ ಅವರು ತಿದ್ದಲಿಲ್ಲ. ಹಾಗೆಂದು ಅವರು ಕೆಟ್ಟವರು ಎಂದು ಯಾರಾದರೂ ಅಂದರೆ ಅವರ ಜೊತೆಗೂ ನಾನು ಜಗಳಕ್ಕೆ ನಿಲ್ಲುತ್ತೇನೆ. ನನ್ನ ಕಷ್ಟ ಇರುವುದೇ ಇಲ್ಲಿ.

ಅವರನ್ನು ಮೊದಲು ಕಂಡದ್ದು ಶಿರಾದ ಬಸ್‌ಸ್ಟ್ಯಾಂಡಿನ ಹಿಂದೆ ಇದ್ದ ಅಬ್ಬಾನ ಟೈಲರ್ ಅಂಗಡಿಯಲ್ಲಿ. ಅವರು ಪಾವಗಡದ ಕಡೆಯವರು, ಮನೆಮಾತು ತೆಲುಗು. ಮಧುಗಿರಿಯಲ್ಲಿ ಬಾಡಿಗೆ ಮನೆ, ಕೆಲಸ ಶಿರಾದ ಒಂದು ಖಾಸಗಿ ಕಾಲೇಜಿನಲ್ಲಿ. ಆ ಕಾಲೇಜು ಮುಚ್ಚಿಹೋಗಿ ಈಗ ಅಲ್ಲಿ ಮದುವೆ ಛತ್ರ ಇದೆ. ದಿನವೂ ಬಸ್ಸಿನಲ್ಲಿ ಕಡಲೆಕಾಯಿ ತಿಂದುಕೊಂಡು ಬರುವವರು. ಸಿಪ್ಪೆಯನ್ನು ಬಸ್ಸಿನೊಳಗೆ ಹಾಕುತ್ತಿರಲಿಲ್ಲ, ಕಿಟಕಿಯಿಂದ ಆಚೆಗೂ ಎಸೆಯುತ್ತಿರಲಿಲ್ಲ, ಅಂಗಿಯ ಜೇಬಿಗೆ ತುಂಬಿಕೊಳ್ಳುತ್ತಿದ್ದರು. ಅದಕ್ಕೇ “ಜೇಬು ಒಂದು ಗೇಣು ಆಳ ಇರ್ಲಿ ಸಾಹೇಬ್ರೆ” ಎಂದು ಅಬ್ಬಾನಿಗೆ ಹೇಳಿ ಹೊಲಿಸುತ್ತಿದ್ದರು. ಕ್ಲಾಸಿನಲ್ಲಿ ಚಾಕ್‌ಪೀಸಿಗೆಂದು ಜೇಬಿಗೆ ಕೈ ಹಾಕಿದರೆ ಮೊದಲು ಸಿಪ್ಪೆ ಉದುರುತ್ತಿತ್ತು.

ಅವರನ್ನು ಮೊದಲು ಕಂಡ ಆ ದಿನ ನಮ್ಮ ಬೀದಿಯವನೊಬ್ಬ, ಸೌದಿಗೆ ಡ್ರೈವರ್ ಕೆಲಸಕ್ಕೆ ಹೊರಟವನು, ಪ್ಯಾಂಟು ಆಲ್ಟರ್ ಮಾಡಿಸಲು ಅಂಗಡಿಗೆ ಬಂದಿದ್ದ. ಹೊಸ ಪಾಸ್‌ಪೋರ್ಟನ್ನು ಕಂಡಕಂಡವರಿಗೆಲ್ಲ ತೋರಿಸುತ್ತಿದ್ದ. ಮೇಷ್ಟ್ರು ಅದನ್ನು ಇಸಿದುಕೊಂಡು ಮೊದಲ ಪುಟ ಓದಿ ಕನ್ನಡಕವನ್ನು ಹಣೆಗೆ ಏರಿಸಿದರು. ಹಾಗೆ ಏರಿಸಿದರೆಂದರೆ ಯಾವುದೋ ಹಳೆಯ ಪದ ಕಣ್ಣಿಗೆ ಬಿತ್ತು ಎಂದು ಅರ್ಥ. ಇದು ನನಗೆ ಆಮೇಲೆ ಗೊತ್ತಾಯಿತು.

“ನೋಡಪ್ಪಾ, ಇಲ್ಲಿ ‘ಲೆಟ್’ ಅಂತ ಐತೆ. ಲೆಟ್ ಅಂದ್ರೇನು?”

“ಬುಡು ಅಂತ ಸಾರ್.”

“ಇಲ್ಲಿ ತಡಿ ಅಂತ. ಹಳೇ ಇಂಗ್ಲಿಷಲ್ಲಿ ಲೆಟ್ ಅಂದ್ರೆ ಅಡ್ಡಿ, ತಡೆ.”

ಅವನ ಮುಖ ಬಿಳಿಚಿಕೊಂಡಿತು. “ಅಂಗಾದ್ರೆ ನನ್ನ ಬುಡ್ತಾರೋ, ತಡೀತಾರೋ ಸಾರ್?”

ಅಬ್ಬಾ ಕತ್ತರಿ ಕೆಳಗಿಟ್ಟರು. “ಒಂದೇ ಮಾತ್ಗೆ ಬುಡೂ ಅಂತಾನೂ ಅರ್ಥ, ತಡೀ ಅಂತಾನೂ ಅರ್ಥ. ಇಂಥಾ ಜನ ಹೆಂಗ್ ಸಾರ್ ಇಷ್ಟು ದೇಶ ಆಳಿದ್ರು?”

“ಅದಕ್ಕೇ ಆಳಿದ್ರು ಸಾಹೇಬ್ರೆ,” ಅಂದರು ಮೇಷ್ಟ್ರು. ಅಬ್ಬಾ ಆ ಮಾತನ್ನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ನಗಿಸಿದರು.

ಕಾಲೇಜಿನಲ್ಲಿ ಅವರ ಪಾಠ ಸಿಲೆಬಸ್ಸಿನ ಜೊತೆ ಹೊರಟು ಸಿಲೆಬಸ್ಸನ್ನು ಎಲ್ಲೋ ದಾರಿಯಲ್ಲಿ ಇಳಿಸಿ ಮುಂದೆ ಹೋಗುತ್ತಿತ್ತು. ಕ್ಲಾಸ್ ನೈಸಾಗಿತ್ತು ಸಾರ್ ಎಂದು ಯಾರಾದರೂ ಅಂದರೆ, “ನೈಸ್ ಅಂದ್ರೆ ಒಂದು ಕಾಲಕ್ಕೆ ಪೆದ್ದ ಅಂತ. ಥ್ಯಾಂಕ್ಸ್ ಕಣಮ್ಮ” ಅನ್ನುವರು. ಸಿಲ್ಲಿ ಅಂದರೆ ಮೊದಲು ಪುಣ್ಯವಂತ ಎಂದಿತ್ತಂತೆ. ಮೀಟ್ ಅಂದರೆ ಬರೀ ಮಾಂಸವಲ್ಲ, ಊಟ ಯಾವುದಾದರೂ ಸರಿ. ಒಂದು ದಿನ ವಿಲನ್ ಪದ ಬಂತು. ಅದಕ್ಕೆ ಮೂಲದಲ್ಲಿ ಹಳ್ಳಿಯ ಹೊಲದಲ್ಲಿ ದುಡಿಯುವವನು ಎಂದಷ್ಟೇ ಅರ್ಥ ಅಂದರು. ಹುಲಿಕುಂಟೆ ಕಡೆಯಿಂದ ಬರುತ್ತಿದ್ದ, ಮನೆಯಲ್ಲಿ ಕುರಿ ಸಾಕಿದ್ದ ಹುಡುಗನೊಬ್ಬ ಎದ್ದು ನಿಂತು, “ಅಂಗಾದ್ರೆ ನಾವೆಲ್ಲ ವಿಲನ್‌ಗಳಾ ಸಾ?” ಅಂದ. ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. ಡಸ್ಟರನ್ನು ಮೇಜಿನ ಮೇಲೆ ಕುಕ್ಕಿ, “ಊರಲ್ಲಿ ದುಡಿಯೋನ್ನ ಪಟ್ಟಣದೋನು ಬೈದೂ ಬೈದೂ ಅವನ ಹೆಸರೇ ಬೈಗುಳ ಆಯ್ತು. ತಪ್ಪು ಪದದ್ದಲ್ಲ ಕಣ್ಲಾ, ಬಾಯಿದು,” ಅಂದರು. ಆ ಹುಡುಗ ಮುಂದೆ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದ, ಆದರೂ ಇವತ್ತಿಗೂ ಆ ಕ್ಲಾಸನ್ನು ನೆನೆಯುತ್ತಾನೆ.

ನಾವೆಲ್ಲ ಕನ್ನಡ ಮೀಡಿಯಂ, ಉರ್ದು ಮೀಡಿಯಂನಿಂದ ಬಂದವರು.  ಇಂಗ್ಲಿಷ್ ಪೀರಿಯಡ್ಡಿನಲ್ಲಿ ತಪ್ಪು ಮಾಡಿದರೆ ಇಂಗ್ಲಿಷ್ ಮೀಡಿಯಂನ ಇಬ್ಬರು ನಗುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆವು. ಇಂಗ್ಲಿಷಿನವರೇ ತಮ್ಮ ಮಾತನ್ನು ನೂರಾರು ವರ್ಷ ತಪ್ಪುತಪ್ಪಾಗಿ ಆಡಿ ಆಡಿ ಅದನ್ನು ಇಲ್ಲಿಗೆ ತಂದು ನಿಲ್ಲಿಸಿದ್ದಾರೆ ಎಂದು ಗೊತ್ತಾದ ಮೇಲೆ ನಮ್ಮ ತಪ್ಪುಗಳಿಗೂ ಒಂದು ಮರ್ಯಾದೆ ಬಂತು. ನಾನು ಕೈ ಎತ್ತಿ ಪ್ರಶ್ನೆ ಕೇಳಲು ಕಲಿತದ್ದು ಅವರ ಕ್ಲಾಸಿನಲ್ಲಿ. ಪ್ರಿನ್ಸಿಪಾಲರು ಮಾತ್ರ ಅವರನ್ನು ಕರೆದು, ಪಾಸಾಗುವಷ್ಟು ಹೇಳಿಕೊಟ್ಟರೆ ಸಾಕು ಸಾರ್, ಇವರೇನು ಲಂಡನ್ನಿಗೆ ಹೋಗುತ್ತಾರಾ ಅಂದಿದ್ದರಂತೆ. ಲಂಡನ್ನಿಗೆ ಹೋಗದವರಿಗೆ ಮಾತಿನ ಅರ್ಥ ಗೊತ್ತಿರಬಾರದೆ? ಆ ಪ್ರಿನ್ಸಿಪಾಲರ ಮಾತಿಗೆ ನನಗೆ ಈಗಲೂ ಮೈ ಉರಿಯುತ್ತದೆ.

ಅವರು ಪದಗಳ ಹುಚ್ಚು ಹಿಡಿಸಿಕೊಂಡದ್ದು ಯಾಕೆ ಎಂದು ಒಂದು ಕಥೆ ತಾವೇ ಹೇಳುತ್ತಿದ್ದರು. ಮಧುಗಿರಿಗೆ ಬಂದ ಹೊಸದರಲ್ಲಿ ಅವರ ತಾಯಿ ಊರಿನಿಂದ ಮಗನನ್ನು ನೋಡಲು ಬಂದರಂತೆ. ಬರುವಾಗ ಮನೆಯ ಗಿಡದ ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಕೆಳಗಿನ ಮನೆಯಲ್ಲಿದ್ದ ಓನರ್ ಹೆಂಗಸು ಹಾಸನದ ಕಡೆಯಿಂದ ಸೊಸೆಯಾಗಿ ಬಂದವರು, ಅವರಿಗೆ ತೆಲುಗಿನ ಗಂಧಗಾಳಿ ಇಲ್ಲ. ಈ ತಾಯಿ ಅವರ ಬಾಗಿಲಲ್ಲಿ ನಿಂತು ನಿಂಬೆಹಣ್ಣು ಮುಂದಕ್ಕೆ ಚಾಚಿ, “ಅಮ್ಮಾ, ಒಕ ಮಾಟ ಚೆಪ್ತಾನು,” ಅಂದರು. ಒಂದು ಮಾತು ಹೇಳುತ್ತೇನೆ ಎಂದಷ್ಟೇ. ಆ ಹೆಂಗಸಿನ ಕಿವಿಗೆ ಬಿದ್ದದ್ದು ಮಾಟ. ಕೈಯಲ್ಲಿ ನೋಡಿದರೆ ನಿಂಬೆಹಣ್ಣು. ಅವರ ಮಗುವಿಗೆ ಆ ವಾರ ಜ್ವರ ಬೇರೆ ಬಂತು. ಮನೆ ಖಾಲಿ ಮಾಡಿ ಅಂದರು.

ಮೇಷ್ಟ್ರು ಹೋಗಿ, ತೆಲುಗಿನಲ್ಲಿ ಮಾಟ ಅಂದರೆ ಮಾತು ಎಂದು ವಿವರಿಸಿದರು. ಮನೆಯ ಯಜಮಾನ, “ನಿಮ್ಮ ತೆಲುಗಲ್ಲಿ ಏನಾರ ಇರ್ಲಿ ಸಾ. ನಮ್ಮನೇಲಿ ಮಾಟ ಅಂದ್ರೆ ಮಾಟನೇ,” ಅಂದನಂತೆ. ಇದನ್ನು ಮೇಷ್ಟ್ರು ಅಭಿನಯ ಮಾಡಿ ಹೇಳುವರು, ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಕೊನೆಗೆ ಅವರು ಕನ್ನಡಕ ಒರೆಸಿಕೊಳ್ಳುತ್ತಾ, “ನಮ್ಮಮ್ಮ ಆಮೇಲೆ ಮಧುಗಿರಿಗೆ ಬರಲೇ ಇಲ್ಲ,” ಅನ್ನುವರು.

ಇನ್ನು ನನ್ನ ವಿಷಯ. ಪಿಯುಸಿ ಚೆನ್ನಾಗಿ ಪಾಸಾಯಿತು. ಬಿಎಸ್ಸಿಗೆ ತುಮಕೂರಿಗೆ ಹೋಗಬೇಕು. ಅಲ್ಲಿ ಒಂದು ಟ್ರಸ್ಟಿನವರು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು. ಆ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ. ದಿನಾ ಬಸ್ಸಿನಲ್ಲಿ ಓಡಾಡುವುದಕ್ಕೆ ಅಮ್ಮಿ ಒಪ್ಪಿರಲಿಲ್ಲ, ಬೇರೆ ಹಾಸ್ಟೆಲ್ಲಿಗೆ ನಮ್ಮ ಕೈ ಎಟುಕುತ್ತಿರಲಿಲ್ಲ. ಅರ್ಜಿಯ ಜೊತೆಗೆ ಹುಡುಗಿಯ ನಡತೆ, ಯೋಗ್ಯತೆಯ ಬಗ್ಗೆ ಪಾಠ ಮಾಡಿದ ಮೇಷ್ಟ್ರೊಬ್ಬರ ಪತ್ರ ಬೇಕು, ಅದಕ್ಕೆ ಕಾಲೇಜಿನ ಸೀಲು ಬೇಕು ಅಂದಿದ್ದರು. ನಾನು ಬೇರೆ ಯಾರನ್ನೂ ಯೋಚಿಸಲಿಲ್ಲ.

ಒಂದು ಪುಟದ ತುಂಬ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅದರ ನಡುವೆ ನನ್ನ ಬುದ್ಧಿಯನ್ನು ‘ಪ್ರೆಗ್ನೆಂಟ್’ ಎಂದು ಬಣ್ಣಿಸಿದ್ದರು. ನನಗೂ ಆ ಪದಕ್ಕೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಅರ್ಥವೇ. ನಾನು ಕಣ್ಣು ಬಿಟ್ಟದ್ದನ್ನು ನೋಡಿ ಅವರು ಕನ್ನಡಕ ಹಣೆಗೆ ಏರಿಸಿದರು. “ಅದಕ್ಕೆ ಹಳೇ ಅರ್ಥ ಬೇರೆ ಐತೆ ಕಣಮ್ಮ. ತುಂಬಿದ ಬುದ್ಧಿ. ಹೊಸ ಹೊಸ ಯೋಚ್ನೇನ ತಾನೇ ಹುಟ್ಟಿಸೋ ಬುದ್ಧಿ. ಎಲ್ಲಾರ್ಗೂ ಬರಿಯಲ್ಲ ನಾನು ಇದನ್ನ,” ಅಂದರು. ಅವತ್ತು ಆಫೀಸಿನವರೆಗೆ ನಡೆದು ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆಫೀಸಿನಲ್ಲಿ ಸೀಲು ಒತ್ತುವ ಗುಮಾಸ್ತರು ಪತ್ರವನ್ನು ಮೇಲಿಂದ ಕೆಳಗೆ ನೋಡಿದರು. ಆ ಪುಟದಲ್ಲಿದ್ದ ಅಷ್ಟೂ ಇಂಗ್ಲಿಷಿನಲ್ಲಿ ಅವರಿಗೆ ಅರ್ಥ ಗೊತ್ತಿದ್ದದ್ದು ಅದೊಂದೇ ಪದ. ಸೀಲು ಒತ್ತಿದರು, ಮೇಷ್ಟ್ರೇ ಬರೆದಿರುವಾಗ ತಮ್ಮದೇನು ಎಂದುಕೊಂಡಿರಬೇಕು. ಆಮೇಲೆ ಎದುರಿನ ಟೀ ಅಂಗಡಿಗೆ ಹೋದರು. ಶಿರಾದಲ್ಲಿ ಸುದ್ದಿ ಬಸ್ಸಿಗೆ ಕಾಯುವುದಿಲ್ಲ. ಎರಡು ದಿನದಲ್ಲಿ ಅದು ನಮ್ಮ ಬೀದಿಗೆ ಬಂತು. ಮೂರು ಬೀದಿ ಆಚೆ ಇದ್ದ ಖಾಲಾ, ಅಮ್ಮಿಯ ತಂಗಿ, ಬಂದು ಅಕ್ಕನ ಜೊತೆ ಮಾತಾಡುವ ನೆಪದಲ್ಲಿ ನನ್ನ ಸೊಂಟವನ್ನೇ ನೋಡುತ್ತಾ ಕೂತಳು. ಯಾರೂ ಪತ್ರ ಓದಿರಲಿಲ್ಲ. ಎಲ್ಲರಿಗೂ ಅರ್ಥ ಮಾತ್ರ ಆಗಿತ್ತು.

ಹಾಸ್ಟೆಲ್ಲಿನಿಂದಲೂ ಕರೆ ಬಂತು. ಅಲ್ಲಿನ ಸೆಕ್ರೆಟರಿ ಅಬ್ಬಾನನ್ನು ಎದುರಿಗೆ ನಿಲ್ಲಿಸಿಕೊಂಡು, ಈ ಪತ್ರ ಬರೆದವರೇ ಇದನ್ನು ತಿದ್ದಿ ಇನ್ನೊಂದು ಬರೆದುಕೊಡಬೇಕು, ಇಲ್ಲದಿದ್ದರೆ ಅರ್ಜಿ ವಾಪಸ್ ಅಂದರು. ಅಬ್ಬಾ ಅಲ್ಲಿಂದ ನೇರ ಮಧುಗಿರಿಗೆ ಹೋದರು. ನಾನೂ ಜೊತೆಗಿದ್ದೆ. ಮೇಷ್ಟ್ರು ವರಾಂಡದಲ್ಲಿ ಬನಿಯನ್ನಿನಲ್ಲಿ ಕೂತಿದ್ದರು.

“ಸಾರ್, ನಾನು ಹೊಲಿದಿದ್ದು ಹೊಂದ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಹೊಲಿತೀನಿ. ಒಂದು ಮಾತು ಬಿಚ್ಚೋದು ನಿಮಗೇನು ಕಷ್ಟ?” ಅಂದರು ಅಬ್ಬಾ.

“ಹೊಲಿಗೆ ತಪ್ಪಿಲ್ಲ ಸಾಹೇಬ್ರೆ. ಹಾಕ್ಕೊಳ್ಳೋರ ಮೈಯೇ ವಂಕ.”

“ಇರ್ಲಿ ಸಾರ್. ಮೈ ಡೊಂಕಿದ್ರೂ ಅಂಗಿ ನಾವೇ ತಾನೆ ಸರಿ ಮಾಡ್ಕೊಡೋದು?”

 ಮೇಷ್ಟ್ರು ಒಳಗೆ ಹೋಗಿ ಅಂಗಿ ಹಾಕಿಕೊಂಡು, ಇಟ್ಟಿಗೆ ಗಾತ್ರದ ಡಿಕ್ಷನರಿಯನ್ನು ಕೈಚೀಲಕ್ಕೆ ತುರುಕಿಕೊಂಡು ಬಂದು, ನಡೀರಿ ತುಮಕೂರಿಗೆ ಅಂದರು.  ಅವತ್ತು ಬಸ್ಸಿನಲ್ಲಿ ಅವರು ಕಡಲೆಕಾಯಿ ಕೊಳ್ಳಲಿಲ್ಲ.

ಸೆಕ್ರೆಟರಿಯ ಮೇಜಿನ ಮೇಲೆ ಡಿಕ್ಷನರಿ ಬಿಚ್ಚಿ ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಸೆಕ್ರೆಟರಿ ಓದಿದರು, ತಲೆದೂಗಿದರು. “ಸರಿ ಸಾರ್, ಹಾಗೂ ಒಂದು ಅರ್ಥ ಇದೆ. ಆದರೆ ಕಮಿಟಿಯೋರಿಗೆಲ್ಲ ನಾನು ಡಿಕ್ಷನರಿ ತೋರಿಸ್ಕೊಂಡು ಕೂರೋಕಾಗಲ್ಲ. ಬೇರೆ ಬರ್ಕೊಟ್ಬಿಡಿ,” ಅಂದರು.

“ಅರ್ಥ ಐತೆ ಅಂತ ನೀವೇ ಒಪ್ಪಿದ ಮೇಲೆ ಬೇರೆ ಯಾಕ್ರೀ ಬರೀಬೇಕು?”

“ಹಾಗಾದರೆ ಡಾಕ್ಟರ್ ಸರ್ಟಿಫಿಕೇಟ್ ತರಲಿ. ಆಗ ಯಾರೂ ಕೇಳಲ್ಲ.”

ಆ ಕೋಣೆಯಲ್ಲಿ ಅಬ್ಬಾ ತಲೆ ತಗ್ಗಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ನೋಟ ಮಾತ್ರ ಮೇಷ್ಟ್ರ ಜೇಬಿನಲ್ಲಿದ್ದ ಪೆನ್ನಿನ ಮೇಲಿತ್ತು. ಒಂದು ಸಾಲು ಸಾಕಿತ್ತು. ನಾನೇ ಬಾಯಿಬಿಟ್ಟು ಕೇಳಿದೆ. “ಸಾರ್, ‘ಗುಡ್’ ಅಂತ ಬರೀರಿ ಸಾರ್. ಸಾಕು.”

“ಗುಡ್ ಅಂದ್ರೆ ಏನೂ ಅರ್ಥ ಇಲ್ಲ ಕಣಮ್ಮ. ಅದನ್ನ ಯಾರಿಗ್ ಬೇಕಾದ್ರೂ ಬರೀಬೋದು,” ಅಂದು ಅವರು ಡಿಕ್ಷನರಿ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ನಾವು ಅವರ ಹಿಂದೆ ಹೋಗಲಿಲ್ಲ.

ಶಿರಾದಲ್ಲಿ ಬೇಡ ಎಂದು ಅಮ್ಮಿ ನನ್ನನ್ನು ತುಮಕೂರಿನಲ್ಲೇ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಕಿಕ್ಕಿರಿದ ಬೆಂಚು. ನರ್ಸು ಹೊರಗೆ ಬಂದು, ಪ್ರೆಗ್ನೆನ್ಸಿ ಟೆಸ್ಟ್ ಯಾರದು ಎಂದು ಕೂಗಿದಳು. ಬೆಂಚಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನಾನು ಎದ್ದು ಮನೆಗೆ ಹೊರಟೆ. ಅಮ್ಮಿ ಮೊಣಕೈ ಹಿಡಿದು ಕೂರಿಸಿ, “ಪಢ್ನಾ ಹೈ ನಾ? ತೋ ಚುಪ್ ಬೈಠ್,” ಅಂದಳು. ಓದಬೇಕಲ್ಲ, ಹಾಗಿದ್ದರೆ ಸುಮ್ಮನೆ ಕೂತುಕೋ ಎಂದು. ಓದಬೇಕಿತ್ತು. ಸುಮ್ಮನೆ ಕೂತೆ. ಕೈಗೆ ಕೊಟ್ಟ ಪುಟ್ಟ ಬಾಟಲಿಯನ್ನು ದುಪಟ್ಟಾದ ಒಳಗೆ ಮುಚ್ಚಿಕೊಂಡು ಬಚ್ಚಲಿಗೆ ಹೋಗಿಬಂದೆ. ಡಾಕ್ಟರು ‘ನೆಗೆಟಿವ್’ ಎಂದು ಬರೆದುಕೊಟ್ಟರು. ಒಂದೇ ತಿಂಗಳಲ್ಲಿ ನನ್ನ ಬಗ್ಗೆ ಬಂದ ಎರಡನೆಯ ಸರ್ಟಿಫಿಕೇಟು. ಇದರ ಅರ್ಥವನ್ನು ಯಾರೂ ಪ್ರಶ್ನಿಸಲಿಲ್ಲ, ಮರುದಿನವೇ ಹಾಸ್ಟೆಲ್ಲಿನಲ್ಲಿ ಜಾಗ ಕೊಟ್ಟರು.

ನಾನು ಬಿಎಸ್ಸಿ ಮಾಡಿದೆ, ಬಿಎಡ್ ಮಾಡಿದೆ, ಈಗ ಕೊರಟಗೆರೆ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮಾತಿನ ಸಹವಾಸವೇ ಬೇಡ ಎಂದು ಬೇಕೆಂದೇ ಹಿಡಿದ ವಿಷಯ. ಅಲ್ಲಿ ಐದು ಅಂದರೆ ಹೋದ ವರ್ಷವೂ ಐದು, ಈ ವರ್ಷವೂ ಐದು. ಆದರೂ ಮಕ್ಕಳಿಗೆ ಸಮೀಕರಣ ಹೇಳಿಕೊಡುವಾಗ ಈ ಪದ ಎಲ್ಲಿಂದ ಬಂತು ಗೊತ್ತಾ ಎಂದು ನನ್ನ ಬಾಯಿಗೆ ಬಂದುಬಿಡುತ್ತದೆ. ಆಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಕೊರಟಗೆರೆಯಲ್ಲಿ ಗೊರವನಹಳ್ಳಿ ಬಸ್ಸು ಹತ್ತಿದೆ. ನನ್ನ ಶಾಲೆ ಅದೇ ದಾರಿಯಲ್ಲಿದೆ. ಲಕ್ಷ್ಮಿ ದರ್ಶನಕ್ಕೆ ಹೊರಟವರಿಂದ ಬಸ್ಸು ತುಂಬಿತ್ತು. ಕಿಟಕಿ ಪಕ್ಕದಲ್ಲಿ ಮೇಷ್ಟ್ರು, ಜೊತೆಯಲ್ಲಿ ಅವರ ಹೆಂಡತಿ. ತಲೆ ಪೂರಾ ಬೆಳ್ಳಗಾಗಿತ್ತು. “ಏಮಮ್ಮಾ, ಟೈಲರ್ ಸಾಹೇಬ್ರ ಮಗಳಲ್ವಾ ನೀನು?” ಅಂದರು. ಖುಷಿಯಿಂದ ಅಂದರು. ಅದೇ ನನ್ನನ್ನು ಕೆರಳಿಸಿತು. ಕಂಬಿ ಹಿಡಿದು ನಿಂತುಕೊಂಡೇ ಕೇಳಿದೆ.

“ಅವತ್ತು ಯಾಕೆ ಸಾರ್ ತಿದ್ದಲಿಲ್ಲ?”

ಯಾವತ್ತು, ಏನು ಎಂದು ಅವರು ಕೇಳಲಿಲ್ಲ. “ತಿದ್ದಿದ್ರೆ ಬರ್ದಿದ್ದು ತಪ್ಪು ಅಂತ ಆಗ್ತಿತ್ತಲ್ಲಮ್ಮ. ನಿನ್ ಬುದ್ಧಿ ಅಂಥಾದ್ದಲ್ಲ ಅಂತ ನಾನೇ ರುಜು ಹಾಕ್ದಂಗೆ ಅಲ್ವಾ? ಕೊನೆಗೆ ಅವ್ರಿಗೇ ಅರ್ಥ ಆಯ್ತು ನೋಡು. ಸೀಟು ಕೊಟ್ರಲ್ಲ.”

ಡಿಕ್ಷನರಿ ಗೆದ್ದಿತು ಎಂದುಕೊಂಡಿದ್ದರು. ಅಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದರು.

“ಕೊಟ್ಟಿದ್ದು ಡಾಕ್ಟರ್ ಸರ್ಟಿಫಿಕೇಟ್ ನೋಡಿ ಸಾರ್. ನಾನು ಬಾಟ್ಲಿ ಹಿಡ್ಕೊಂಡು ಕ್ಲಿನಿಕ್ಕಲ್ಲಿ ಕೂತಿದ್ದೆ.”

ಅವರ ಹೆಂಡತಿ ತಟ್ಟನೆ ಗಂಡನ ಕಡೆ ತಿರುಗಿದರು. ಮೇಷ್ಟ್ರು, “ಅದು ಸುಮ್ನೆ ಹೆದರಿಸೋಕೆ ಅಂದಿದ್ದು ಅನ್ಕೊಂಡಿದ್ದೆ,” ಅಂದರು.

“ಅನ್ಕೊಂಡ್ರಿ. ಕೇಳಲಿಲ್ಲ.”

“ಇಲ್ಲಮ್ಮ. ಕೇಳಲಿಲ್ಲ.”

ನನ್ನ ಸ್ಟಾಪು ಬಂತು, ಇಳಿದೆ. ಅವರನ್ನು ನಾನು ಮತ್ತೆ ನೋಡಲಿಲ್ಲ. ಯಾವುದೋ ದೇಶದಲ್ಲಿ ನಾನೂರು ವರ್ಷದ ಹಿಂದೆ ಒಂದು ಪದಕ್ಕೆ ಏನಾಯಿತು ಎಂದು ಹುಡುಕಿಕೊಂಡು ಹೋದ ಮನುಷ್ಯ, ತಾನೇ ಪತ್ರ ಬರೆದುಕೊಟ್ಟ ಹುಡುಗಿಗೆ ಏನಾಯಿತು ಎಂದು ಕೇಳಲಿಲ್ಲ. ನಾನು ಎಷ್ಟು ಸಮಾಧಾನ ಮಾಡಿಕೊಂಡರೂ ಇದು ನುಂಗಲಾರದ ತುತ್ತು. ತಾಯಿಯ ಒಂದು ಮಾತಿಗೆ ಊರು ತಪ್ಪು ಅರ್ಥ ಹಚ್ಚಿದಾಗ ಮನೆ ಖಾಲಿ ಮಾಡಿದ್ದರು, ಇನ್ನೊಂದು ಸಲ ಜಾಗ ಬಿಡುವುದಿಲ್ಲ ಎಂದು ಹಟ ಹಿಡಿದಿರಬೇಕು. ಅದು ನನಗೆ ಅರ್ಥವಾಗುತ್ತದೆ. ಆದರೆ ಅವರು ಬಿಡದೆ ಹಿಡಿದ ಜಾಗದಲ್ಲಿ ನಿಂತಿದ್ದವಳು ನಾನು.

ಶ್ರದ್ಧಾಂಜಲಿ ಸಭೆ ಮಧುಗಿರಿಯಲ್ಲಿ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಹೋಗಬಾರದು ಎಂದುಕೊಂಡಿದ್ದೆ, ಹೋದೆ. ಹಾರ ಹಾಕಿದ ಫೋಟೋ, ಊದುಬತ್ತಿ, ಮುಂದಿನ ಸಾಲಿನಲ್ಲಿ ಅವರ ಹೆಂಡತಿ. ಒಬ್ಬೊಬ್ಬರೇ ಎದ್ದು ಮಾತಾಡಿದರು. ಸರಳ ಜೀವಿ, ಸಜ್ಜನಿಕೆಯ ಸಾಕಾರ, ತುಂಬಲಾರದ ನಷ್ಟ. ಯಾರಿಗೆ ಬೇಕಾದರೂ ಹೇಳಬಹುದಾದ ಮಾತುಗಳು. ಆಮೇಲೆ ಅದೇ ಗುಮಾಸ್ತರು ಎದ್ದರು. ರಿಟೈರಾಗಿ ಮೈ ತುಂಬಿಕೊಂಡು, ಬಿಳಿ ಪಂಚೆ ಉಟ್ಟಿದ್ದರು.

“ಮೇಷ್ಟ್ರು ಬಾರಿ ಇಂಗ್ಲೀಷು ಕಣ್ರೀ. ಒಂದ್ಸಲ ಏನಾಯ್ತು ಅಂದ್ರೆ, ಒಂದು ಹುಡುಗೀಗೆ ಸರ್ಟಿಪಿಕೇಟು ಬರ್ಕೊಟ್ರು. ನಾನು ಸೀಲ್ ಒತ್ತಾಕೆ ಅಂತ ನೋಡ್ತೀನಿ, ಬಸುರಿ ಅಂತ ಬರ್ದವ್ರೆ. ನಾನೂ ಒತ್ಬುಟ್ಟೆ. ಕಾಲೇಜಿಂದಾನೇ ಬಸುರಿ ಸರ್ಟಿಪಿಕೇಟು.”

ಹಾಲು ಗೊಳ್ಳೆಂದಿತು. ಸಾವಿನ ಸಭೆಯಲ್ಲಿ ಬಿಗಿದುಕೊಂಡು ಕೂತಿದ್ದ ಜನಕ್ಕೆ ನಗಲು ಒಂದು ನೆಪ ಸಿಕ್ಕಿತ್ತು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಮಾತ್ರ ನಗಲಿಲ್ಲ. ಅಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದವರು ಮೈಕು ಹಿಡಿದು, ಪ್ರತಿಯೊಬ್ಬರಿಗೂ ಹೇಳಿದಂತೆಯೇ ಇವರಿಗೂ ಹೇಳಿದರು. “ಅತ್ಯಂತ ಅರ್ಥಗರ್ಭಿತವಾಗಿ ಮಾತನಾಡಿದ ಶ್ರೀಯುತರಿಗೆ ಧನ್ಯವಾದಗಳು.”

ನಾನು ಎದ್ದು ನಿಂತೆ.

“ಆ ಹುಡುಗಿ ನಾನೇ,” ಅಂದೆ. ನಗು ನಿಂತಿತು. “ಈಗ ನೀವು ಇವರ ಮಾತು ಅರ್ಥಗರ್ಭಿತ ಅಂದ್ರಿ. ಅದರಲ್ಲಿ ಗರ್ಭ ಇದೆ. ಇವರನ್ನ ಡಾಕ್ಟರ ಹತ್ತಿರ ಕಳಿಸ್ತೀರಾ? ಇವರ ಕೈಗೆ ಬಾಟ್ಲಿ ಕೊಡ್ತೀರಾ? ಮೇಷ್ಟ್ರು ನನಗೆ ಬರೆದದ್ದೂ ಇದೇ ಪದ. ಇಂಗ್ಲಿಷಲ್ಲಿ ಬರೆದರು, ಅಷ್ಟೇ.”

“ತಮಾಸೆಗೆ ಅಂದಿದ್ದು ಕಣಮ್ಮ. ಬ್ಯಾಸ್ರ ಮಾಡ್ಕಬ್ಯಾಡಿ,” ಅಂದರು ಗುಮಾಸ್ತರು.

“ಬೇಸರ ಅಲ್ಲ ಸಾರ್. ಸಿಟ್ಟು.”

ಸಿಟ್ಟು ಅವರೊಬ್ಬರ ಮೇಲೆ ಅಲ್ಲ. ಮದುವೆ, ನಾಮಕರಣ, ಸನ್ಮಾನ ಎಲ್ಲದರಲ್ಲೂ ಮೈಕಿನ ಮುಂದೆ ಅರ್ಥಗರ್ಭಿತ, ಅರ್ಥಗರ್ಭಿತ ಎಂದು ಒದರುವ ಊರು ಇದು. ಆ ಸೆಕ್ರೆಟರಿಯೂ ವಾರ್ಷಿಕೋತ್ಸವದಲ್ಲಿ ಎಷ್ಟು ಸಲ ಅಂದಿರುತ್ತಾರೋ. ಇಟ್ಟಿಗೆ ಗಾತ್ರದ ಡಿಕ್ಷನರಿ ಹೊತ್ತು ತುಮಕೂರಿಗೆ ಹೋದ ಮೇಷ್ಟ್ರಿಗೆ, ಎಲ್ಲ ಸಭೆಯಲ್ಲೂ ಕಿವಿಗೆ ಬೀಳುವ ಆ ಕನ್ನಡ ಪದ ಹೊಳೆಯಲಿಲ್ಲ. ಹೊಳೆದಿದ್ದರೆ ಸೆಕ್ರೆಟರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತಿತ್ತು, ನಾನು ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ತೆಲುಗಿನವರು ಅವರು, ಉರ್ದುವಿನವಳು ನಾನು, ಇಬ್ಬರೂ ಬದುಕಿದ್ದು ಕನ್ನಡದಲ್ಲಿ. ಜಗಳ ಆಡಿದ್ದು ಮಾತ್ರ ಇಂಗ್ಲಿಷಿಗಾಗಿ. ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ. ಇದನ್ನು ಅವರಿಗೆ ಹೇಳಲು ಈಗ ಅವರಿಲ್ಲ. ಅದಕ್ಕೂ ಸಿಟ್ಟೇ.

ಅಧ್ಯಕ್ಷರು ಕೈ ಎತ್ತಿ, “ಹೋಗಲಿ ಬಿಡಿ ಮೇಡಂ, ಸತ್ತವರ ಬಗ್ಗೆ ಒಳ್ಳೇದು ಮಾತಾಡೋಣ,” ಅಂದರು. ನಾನು ಕೂರುವುದರಲ್ಲಿದ್ದೆ. ಮುಂದಿನ ಸಾಲಿನಿಂದ ಮೇಷ್ಟ್ರ ಹೆಂಡತಿ ತಿರುಗಿ ನೋಡಿದರು.

“ಕೂರಬೇಡಮ್ಮ. ಆ ಮಾತಿಗೆ ಅವರು ಹೇಳಿದ ಅರ್ಥ ಏನು? ಎಲ್ಲಾರ್ಗೂ ಕೇಳೋಹಂಗೆ ಹೇಳು,” ಅಂದರು.

ಅದು ನನ್ನ ಬಗ್ಗೆ ಬರೆದ ಪದ. ಅದರ ಅರ್ಥ ಹೇಳಿದರೆ ತುಂಬಿದ ಸಭೆಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡಂತೆ.

“ತುಂಬಿದ ಬುದ್ಧಿ. ಹೊಸ ಯೋಚನೆಗಳನ್ನ ತಾನೇ ಹುಟ್ಟಿಸೋ ಬುದ್ಧಿ,” ಅಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕೇಳಿಸಲಿಲ್ಲ ಅಂದರು. ಇನ್ನೊಂದು ಸಲ, ಜೋರಾಗಿ ಹೇಳಿದೆ.